ಲಲ್ಲಾ ಮುಬಾರಕಾಳ ಬಾಗಿಲು

ಬತೂಲ್ ಹೋದ ದಾರಿಯಲ್ಲೇ ಹಿಂದಿರುಗಿ ಬರುವವಳಲ್ಲ. ಬೆಳಗಿನ ನಮಾಜು ಮುಗಿಸಿ, ನಾದಿಟ್ಟ ಹಿಟ್ಟಿನಲ್ಲಿ ನಾಲ್ಕು ದುಂಡು ರೊಟ್ಟಿ ತಟ್ಟಿ, ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ, ಬೀದಿಯ ಒಲೆಮನೆಗೆ ಹೊರಡುತ್ತಾಳೆ. ಕಾರಂಜಿಯ ಪಕ್ಕದ ಮೆಟ್ಟಿಲಿಳಿದು ಹೋದರೆ ಬಾಚಣಿಗೆಯವರ ಬೀದಿ ಹತ್ತಿ ಬರುತ್ತಾಳೆ. ಮರುದಿನ ಬೇರೆ ಎರಡು ದಾರಿ. ಹಬ್ಬದ ನಮಾಜಿಗೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು ಪ್ರವಾದಿಗಳು ನಡೆದ ರೀತಿ. ಅಷ್ಟು ಒಳ್ಳೆಯದನ್ನು ವರ್ಷಕ್ಕೆ ಎರಡೇ ಸಲ ಯಾಕೆ ಮಾಡಬೇಕು ಎಂದು ಅವಳ ಅಜ್ಜಿ ದಿನವೂ ಮಾಡುತ್ತಿದ್ದಳಂತೆ. ಎರಡು ದಾರಿ ನಡೆದರೆ ಎರಡು ಸಾಲು ಮನೆಗಳಿಗೆ ಸಲಾಮು ಹೇಳಿದಂತಾಗುತ್ತದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಬತೂಲ್‌ಗೆ ಬಂದ ಆ ರೂಢಿ ಅರವತ್ತೇಳನೆಯ ವಯಸ್ಸಿಗೂ ತಪ್ಪಿಲ್ಲ. ಸೊಂಟ ಹಿಡಿದುಕೊಂಡ ದಿನ ನಿಧಾನ ನಡೆದಾಳು, ದಾರಿ ಉಳಿಸುವುದಿಲ್ಲ.

"ಲಲ್ಲಾ ಬತೂಲ್, ಇವತ್ತು ಯಾವ ದೇಶ ಸುತ್ತಿ ಬಂದ್ರಿ?" ಎಂದು, ಅಮ್ಮಾವ್ರೇ ಎನ್ನುವ ಗೌರವದ ಲಲ್ಲಾ ಸೇರಿಸಿಯೇ, ಒಲೆಮನೆಯವನು ದಿನವೂ ಛೇಡಿಸುತ್ತಾನೆ.

"ನಿನ್ನ ಅತ್ತೆ ಮನೆ ಮುಂದೆ ಹಾದು ಬಂದೆ. ಅಳಿಯ ಸತ್ತನಾ ಇದ್ದಾನಾ ಅಂತ ಕೇಳಿದ್ರು," ಎನ್ನುತ್ತಾಳೆ ಬತೂಲ್.

ಅವಳ ಕಸುಬು ಮದುವೆಗೆ ಕರೆಯುವುದು. ಫೆಸ್ ಊರಿನ ಹಳೆ ಪೇಟೆಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ಮುಂಜಿಯಾದರೂ, ಹೆಂಗಸರನ್ನು ಕರೆಯಲು ಅವಳು ಮತ್ತು ಇನ್ನಿಬ್ಬರು ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟು ಮನೆಮನೆಗೆ ಹೋಗುತ್ತಿದ್ದರು. ಮುನ್ನೂರು ಮನೆಯ ಪಟ್ಟಿ ಅವಳ ತಲೆಯಲ್ಲೇ. ಯಾವ ಮನೆಯಲ್ಲಿ ಸಾವಾಗಿ ನಲವತ್ತು ದಿನ ಕಳೆದಿಲ್ಲ, ಯಾವ ಓರಗಿತ್ತಿಯರು ಮಾತು ಬಿಟ್ಟಿದ್ದಾರೆ, ಯಾವ ಮುದುಕಿಗೆ ಬಾಗಿಲು ತೆರೆಯಲು ಹೊತ್ತು ಬೇಕು, ಎಲ್ಲ ಗೊತ್ತು. ಬಾಗಿಲು ಬಡಿಯುವುದಕ್ಕೂ ಲೆಕ್ಕವಿತ್ತು: ಸಂತೋಷದ ಕರೆಗೆ ಮೂರು, ಸಾವಿನ ಸುದ್ದಿಗೆ ಒಂದೇ. ಈಗ ಎಲ್ಲರೂ ಫೋನಿನಲ್ಲೇ ಕರೆಯುತ್ತಾರೆ. ವರ್ಷಕ್ಕೆ ಎರಡೋ ಮೂರೋ ಹಳೆ ಮನೆತನದವರು ಮಾತ್ರ ಇನ್ನೂ ಬತೂಲ್‌ಗೆ ಹೇಳಿಕಳಿಸುತ್ತಾರೆ.

ಊರಿನ ಕಚೇರಿಯವರು ಹಳೆ ಪೇಟೆಗೆಲ್ಲ ದಾರಿ ತೋರಿಸುವ ಬೋರ್ಡು ಹಾಕಲು ಹೊರಟಾಗ ಅವಳಿಗೆ ಮತ್ತೆ ಕೆಲಸ ಬಂತು.

ಮೊದಲ ಸಲ ಹಾಕಿದ ಬೋರ್ಡುಗಳ ಕತೆ ನೆನೆದು ಜನ ಇಂದಿಗೂ ನಗುತ್ತಾರೆ. ನೀಲಿ ಬಣ್ಣದ, ಬಾಣದ ಗುರುತಿನ ಎಂಬತ್ತು ತಗಡುಗಳು. ಓದುವವರ ಕಣ್ಣಿಗೆ ಸರಿಯಾಗಿ ಕಾಣಲೆಂದು ಆಳೆತ್ತರದಲ್ಲಿ ಹೊಡೆದರು. ಹಸಿಚರ್ಮ ಹೇರಿಕೊಂಡು ಇಳಿಯುವ ಹೇಸರಗತ್ತೆಗಳ ಹೊರೆ ಬರುವುದೂ ಅದೇ ಎತ್ತರಕ್ಕೆ. ಎರಡು ಶುಕ್ರವಾರ ಕಳೆಯುವಷ್ಟರಲ್ಲಿ ಅರ್ಧ ತಗಡು ಕಿತ್ತು ಹೋದವು. ಉಳಿದವುಗಳ ಮೊಳೆಗೆ ಅಂಗಡಿಯವರು ಚಪ್ಪಲಿ ತೂಗುಹಾಕಿದರು. ಒಂದು ಬೋರ್ಡು ಒಂದೇ ಮೊಳೆಯ ಮೇಲೆ ತಿರುಗಿ, ಮದರಸಾ ನೋಡಲು ಬಂದ ಪರದೇಶದ ಗಂಡಹೆಂಡಿರನ್ನು ಕಂಚುಗಾರನೊಬ್ಬನ ಅಡುಗೆಮನೆಗೆ ಮುಟ್ಟಿಸಿತು. ಶುಕ್ರವಾರವಾದ್ದರಿಂದ ಮನೆಯವರು ಕೂರಿಸಿ ಕುಸ್‌ಕುಸ್ ಬಡಿಸಿದರು. ಅವರು ಅದನ್ನು ಹೋಟೆಲೆಂದೇ ತಿಳಿದು ಮರುದಿನವೂ ಬಂದರು.

ಎರಡನೆಯ ಸಲ ಕೆಲಸ ನುಹೈಲಾಳ ಕೈಗೆ ಬಂತು. ಊಜ್ದಾ ಕಡೆಯ ಹುಡುಗಿ. ಮೂವತ್ತು ದಾಟಿರಲಿಲ್ಲ. ಜೊತೆಗೆ ಕಚೇರಿಯ ಸಿ ಮಕ್ಕಿ; ಸಿ ಎಂದರೆ ಶ್ರೀಯುತರು ಎಂದಂತೆ. ಅವನು ಇದೇ ಪೇಟೆಯಲ್ಲಿ ಹುಟ್ಟಿ, ಹತ್ತು ವರ್ಷದವನಿದ್ದಾಗ ಹೊಸ ಊರಿಗೆ ಹೋದವನು. ಕಂಕುಳಲ್ಲಿ ನಕ್ಷೆ ಸುರುಳಿ ಹಿಡಿದು ಓಡಾಡುತ್ತಿದ್ದ. ದಾರಿ ಕೇಳಬೇಕಾದರೆ ಯಾರನ್ನು ಕೇಳಲಿ ಎಂದು ನುಹೈಲಾ ಒಲೆಮನೆಯವನನ್ನು ವಿಚಾರಿಸಿದಾಗ, ಅವನು ರೊಟ್ಟಿಯ ಹಲಗೆ ಹಿಡಿದು ನಿಂತಿದ್ದ ಬತೂಲ್ ಕಡೆಗೆ ಕೈ ತೋರಿಸಿದ.

"ಖಾಲ್ತಿ, ನಿಮ್ಮ ಹೆತ್ತವರಿಗೆ ದೇವರು ಕರುಣೆ ತೋರಲಿ. ನನ್ನ ಜೊತೆ ಸ್ವಲ್ಪ ನಡೀತೀರಾ?" ಎಂದಳು ನುಹೈಲಾ. ಚಿಕ್ಕಮ್ಮ ಎಂದು ಕರೆದವರ ಮಾತನ್ನು ಬತೂಲ್ ತೆಗೆದುಹಾಕುವವಳಲ್ಲ.

"ರೊಟ್ಟಿ ಬೇಯೋವರೆಗೆ ಬರ್ತೀನಿ," ಎಂದಳು. ಆ ನಡಿಗೆ ಎರಡು ತಿಂಗಳು ಮುಗಿಯಲಿಲ್ಲ.

ಮೊದಲ ದಿನವೇ ಬತೂಲ್ ಒಂದು ಹೊಸ್ತಿಲ ಮೇಲೆ ಕೂತು ಹುಡುಗಿಯನ್ನೂ ಕೂರಿಸಿಕೊಂಡಳು. "ನೋಡು ಮಗಳೇ, ನೀವು ಬೋರ್ಡು ಹೊಡೆಯೋದು ತಿರುವಿನಲ್ಲಿ. ಜನಕ್ಕೆ ಅನುಮಾನ ಹುಟ್ಟೋದು ಅಲ್ಲಲ್ಲ. ಅದಕ್ಕೂ ಎಂಟು ಹತ್ತು ಹೆಜ್ಜೆ ಮುಂಚೆ. ಮುಖ ನೋಡಬೇಡ, ಕಾಲು ನೋಡು."

ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಲು ನೋಡಿದರು. ಊರಿಗೆ ಹೊಸಬರ ಹೆಜ್ಜೆ ನಿಧಾನವಾದಲ್ಲೆಲ್ಲ ನುಹೈಲಾ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಬಾಂಗಿನ ಹೊತ್ತಿಗೆ ತಿರುವಿನ ಕಲ್ಲು ಖಾಲಿ. ಅದಕ್ಕೆ ಒಂಬತ್ತು ಹೆಜ್ಜೆ ಹಿಂದಿನ ಕಲ್ಲುಗಳೆರಡು ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಿದ್ದವು. ಬತೂಲ್ ಬಗ್ಗಿ ಆ ಕಲ್ಲುಗಳನ್ನು ಮುಟ್ಟಿದಳು. ಉಳಿದವುಗಳಿಗಿಂತ ಅವು ತಗ್ಗಾಗಿದ್ದವು. ಅನುಮಾನಿಸಿ ನಿಂತವರ ಪಾದಗಳು ಎಷ್ಟು ನೂರು ವರ್ಷದಿಂದ ತಿಕ್ಕಿದ್ದವೋ. ಬಾಯಲ್ಲಿ ಹೇಳುತ್ತಿದ್ದದ್ದನ್ನು ಕೈಯಲ್ಲಿ ಮುಟ್ಟಿದ್ದು ಅವಳಿಗೂ ಅದೇ ಮೊದಲು. "ಸುಬ್‌ಹಾನಲ್ಲಾಹ್," ಎಂದು ಆ ಕಲ್ಲುಗಳ ಪಕ್ಕದಲ್ಲೇ ಕೂತಳು.

ಎಡ, ಬಲ ಎಂಬ ಬಾಣಗಳನ್ನೂ ಅವಳು ತೆಗೆಸಿಹಾಕಿದಳು. ಈ ಊರಿನವರು ದಾರಿ ಹೇಳುವುದು ನೀರಿನ ಜೊತೆ, ನೀರಿಗೆ ಎದುರು ಎಂದು. ಎಲ್ಲ ಕಾಲುವೆಯೂ ಹರಿಯುವುದು ಕೆಳಗಿನ ಹೊಳೆಗೆ. ಮೇಲೆ ಹೋದರೆ ಊರ ಬಾಗಿಲುಗಳು. ನುಹೈಲಾ ಹೊಸ ಫಲಕಗಳ ಮೇಲೆ ಇಳಿಯುವ ಅಲೆ, ಏರುವ ಅಲೆ ಎಂದು ಎರಡೇ ಗುರುತು ಬರೆದಳು. ದಾರಿ ಮುಗಿದುಹೋಗುವ ಓಣಿಗಳಿಗೆ ಮಾತ್ರ ಬೇರೆ ಆಕಾರ: ಆರು ಮೂಲೆಯ ಫಲಕ. ಒಳಗೆ ಮನೆಗಳಿವೆ, ಹೊರಗಿನವರಿಗೆ ದಾರಿಯಿಲ್ಲ ಎಂದರ್ಥ. ಎಲ್ಲವೂ ಹೇಸರಗತ್ತೆಯ ಹೊರೆಗಿಂತ ಒಂದು ಗೇಣು ಮೇಲೆ.

ಆಮೇಲೆ ಕೆಂಪು ಫಲಕಗಳ ಕೆಲಸ ಬಂತು.

ಹಳೆ ಪೇಟೆಯೊಳಗೆ ಗಾಡಿ ಬರುವುದಿಲ್ಲ. ಕಾಯಿಲೆಯವರನ್ನು ಗಂಡಸರು ಸ್ಟ್ರೆಚರಿನಲ್ಲಿ ಹೊತ್ತು ಊರ ಬಾಗಿಲಿಗೆ ತರಬೇಕು. ಆಂಬುಲೆನ್ಸು ನಿಲ್ಲುವುದು ಅಲ್ಲಿ. ಪ್ರತಿ ಓಣಿಯಿಂದ ಬಾಗಿಲಿಗೆ ಹತ್ತಿರದ ದಾರಿ ಯಾವುದೆಂದು ಗುರುತಿಸಿ ಕೆಂಪು ಫಲಕ ಹಾಕಬೇಕು. ಒಲೆಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಸಿ ಮಕ್ಕಿ ನಕ್ಷೆ ಹರಡಿದ. ಬತೂಲ್ ವಾಸಿಸುವ ನ್ವಾರ್ ಓಣಿಯ ತುದಿಗೆ ಬೆರಳಿಟ್ಟು, "ಇಲ್ಲಿ ದಾರಿ ಮುಗೀತು. ಇದು ಲಲ್ಲಾ ಮುಬಾರಕಾ ಅವರ ಮನೆ," ಎಂದ. "ಇನ್ನೂ ಇದ್ದಾರಾ ಆ ತಾಯಿ? ನಾನು ಚಿಕ್ಕವನಿದ್ದಾಗಲೇ ತುಂಬಾ ವಯಸ್ಸಾಗಿತ್ತು."

"ಇದ್ದಾರೆ. ನಿನಗೆ ಸಲಾಮು ಹೇಳಿದ್ರು," ಎಂದಳು ಬತೂಲ್. ಅವಳ ನಾಲಿಗೆ ಅದನ್ನು ತಾನಾಗಿ ಹೇಳಿಬಿಟ್ಟಿತು.

"ಹಾಗಾದ್ರೆ ಈ ಓಣಿಯಿಂದ ಸ್ಟ್ರೆಚರು ಕೆಳಗಿಳಿದು, ಎಣ್ಣೆ ಪೇಟೆ ಸುತ್ತಿ, ಮೇಲೆ ಹತ್ತಬೇಕು. ಇಪ್ಪತ್ತೈದು ನಿಮಿಷ."

ಲಲ್ಲಾ ಮುಬಾರಕಾ ಎಂಬ ಹೆಂಗಸು ಇರಲಿಲ್ಲ. ಅವಳ ಮನೆಯೂ ಇರಲಿಲ್ಲ. ಓಣಿಯ ತುದಿಯಲ್ಲಿ ಮನೆಬಾಗಿಲಿನಂತೆಯೇ ದೇವದಾರಿನ ಬಾಗಿಲು, ಬಡಿಯಲು ಹಿತ್ತಾಳೆಯ ಪುಟ್ಟ ಕೈ, ಮುಂದೆ ಒಂದು ಮೆಟ್ಟಿಲು. ತೆರೆದರೆ ಒಳಗೆ ನಲವತ್ತು ಹೆಜ್ಜೆಯ ಮುಚ್ಚುದಾರಿ. ಎರಡು ತಿರುವು, ನಡುವೆ ಮೇಲಿನಿಂದ ಬೀಳುವ ಬೆಳಕು, ಗೋಡೆಗೆ ಒಂದು ನೀರಿನ ಬಾಯಿ, ಎರಡೂ ಬದಿಗೆ ಕಲ್ಲಿನ ಜಗಲಿ. ಆಚೆ ತುದಿಯಲ್ಲಿ ಇನ್ನೊಂದು ಅಂಥದೇ ಬಾಗಿಲು. ಅದು ತೆರೆಯುವುದು ಮೇಲಿನ ಓಣಿಗೆ. ಅಲ್ಲಿಂದ ಬಾಬ್ ಗೀಸಾ, ಊರಿನ ಆ ಕಡೆಯ ಬಾಗಿಲು, ಕೂಗಿದರೆ ಕೇಳುವಷ್ಟು ಹತ್ತಿರ.

ಇಳಿಹೊತ್ತಿನ ಅಸರ್ ನಮಾಜಿನಿಂದ ಸೂರ್ಯ ಮುಳುಗುವವರೆಗೆ ಎರಡೂ ಓಣಿಯ ಹೆಂಗಸರು ಅಲ್ಲಿ ಕುರಿಚರ್ಮ ಹಾಸಿ ಕೂರುತ್ತಾರೆ. ತಲೆವಸ್ತ್ರ ತೆಗೆದು ಗೋರಂಟಿ ಹಚ್ಚಿದ ಕೂದಲು ಒಣಗಿಸುತ್ತಾರೆ. ರವೆ ಉಜ್ಜುತ್ತಾರೆ, ಜಗಳ ಆಡುತ್ತಾರೆ, ಅಳುವವರು ಅಳುತ್ತಾರೆ. ಗಂಡುಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಕರೆದೊಯ್ಯುವುದುಂಟು. ಏಳು ವರ್ಷವಾದ ದಿನ ತಾಯಿ ಆ ಬಾಗಿಲ ಮುಂದೆ ಮಗನನ್ನು ನಿಲ್ಲಿಸಿ, "ಇದು ಲಲ್ಲಾ ಮುಬಾರಕಾ ಮನೆ. ಗಂಡಸರು ಹೋಗೋ ಹಾಗಿಲ್ಲ," ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಮುಂದೆ ಅವನಿಗೂ ಅದು ಮನೆಯೇ. ಗಂಡಸರು ರಂಜಾನಿನಲ್ಲಿ ಆ ಮೆಟ್ಟಿಲ ಮೇಲೆ ಸಕ್ಕರೆಯ ಅಚ್ಚು ಇಟ್ಟು ಹೋಗುತ್ತಾರೆ. ಮಸೀದಿಯಲ್ಲಿ ಆ ತಾಯಿಯ ಆರೋಗ್ಯಕ್ಕೆ ದುವಾ ಮಾಡುತ್ತಾರೆ. ಸಕ್ಕರೆಯನ್ನು ಹೆಂಗಸರು ಬಡವರ ಮನೆಗೆ ಹಂಚುತ್ತಾರೆ. ಇದು ಯಾವಾಗ ಶುರುವಾಯಿತೋ, ಬತೂಲ್‌ಳ ಅಜ್ಜಿಗೂ ತಿಳಿದಿರಲಿಲ್ಲ.

ಇಪ್ಪತ್ತೈದು ನಿಮಿಷ ಎಂಬ ಮಾತು ಬತೂಲ್‌ಳ ಎದೆಯಲ್ಲಿ ಕೂತಿತು. ಕಾರಣ ರಹ್ಮಾ. ಬತೂಲ್‌ಳ ಸತ್ತ ತಂಗಿಯ ಮಗಳು, ಅದೇ ಓಣಿಯ ಮೂರನೆ ಬಾಗಿಲಿನವಳು. ಎಂಟು ತಿಂಗಳ ಬಸುರಿ. ರಕ್ತದ ಒತ್ತಡ ಏರಿ ಕಾಲು ದಿಂಬಿನಂತೆ ಊದಿದ್ದವು. ತಲೆನೋವು ಬಂದು ಕಣ್ಣು ಕತ್ತಲಿಟ್ಟರೆ ಒಂದು ಗಳಿಗೆಯೂ ತಡಮಾಡದೆ ಕರೆತನ್ನಿ, ಇಲ್ಲದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಳು.

ಹಿಂದಿನ ಚಳಿಗಾಲದ ನೆನಪೂ ಇತ್ತು. ಐದನೆ ಬಾಗಿಲಿನ ಸಫಿಯಾಳಿಗೆ ರಕ್ತ ಹೋಗತೊಡಗಿದಾಗ ಗಂಡಸರು ಅವಳನ್ನು ಹೊತ್ತು ಎಣ್ಣೆ ಪೇಟೆ ಸುತ್ತಿ ಹೋದರು. ಬತೂಲ್ ಸ್ಟ್ರೆಚರಿನ ಪಕ್ಕದಲ್ಲೇ ನಡೆದಳು, ಬಾಯಿ ತೆರೆಯಲಿಲ್ಲ. ಯಾರೂ ಯಾವತ್ತೂ ಹೇಳದ ಮಾತನ್ನು ಆಡಲು ಅವಳಿಗೆ ನಾಲಿಗೆ ಎದ್ದಿರಲಿಲ್ಲ. ಸಫಿಯಾ ಬದುಕಿದಳು. ಮಗು ಬದುಕಲಿಲ್ಲ.

ಮರುದಿನ ಸಂಜೆ ಜಗಲಿಯ ಮೇಲೆ ಕೂತು ಬತೂಲ್ ಎಲ್ಲರ ಮುಂದೆ ವಿಷಯ ತೆಗೆದಳು. "ಗಂಡಸರಿಗೆ ಹೇಳೋಣ. ಕೆಂಪು ಬೋರ್ಡು ಇಲ್ಲೇ ಬರಲಿ."

ಎದುರು ಜಗಲಿಯ ತಾಮು ರವೆಯ ತಟ್ಟೆಯಿಂದ ಕೈ ಎತ್ತಿದಳು. ಅವಳ ಬಾಯಿಗೆ ಸಿಕ್ಕಿ ಉಳಿದವರುಂಟೆ! "ಹೇಳು, ಹೇಳು. ಇವತ್ತು ಸ್ಟ್ರೆಚರು ಬರುತ್ತೆ. ನಾಳೆ ಕೋಳಿ ಹೊತ್ತವನು ಬರ್ತಾನೆ. ನಾಡಿದ್ದು ಕ್ಯಾಮೆರಾ ಹಿಡಿದವನು ಬಂದು ನಿನ್ನ ಗೋರಂಟಿ ತಲೆ ಫೋಟೋ ತೆಗೆದು ಅಮೆರಿಕಾಕ್ಕೆ ಕಳಿಸ್ತಾನೆ."

"ನನ್ನ ತಲೇಲಿರೋ ನಾಲ್ಕು ಕೂದಲು ನೋಡೋಕೆ ಅಮೆರಿಕಾದಿಂದ ಬರ್ತಾರಾ?"

"ನಗಬೇಡ ಬತೂಲ್. ನನಗೆ ಮನೇಲಿ ಎರಡು ಕೋಣೆ, ಒಂಬತ್ತು ಜನ. ಬಾಯಿ ಬಿಟ್ಟು ಅಳೋಕೆ ಇರೋದು ಇದೊಂದೇ ಜಾಗ. ಇದನ್ನೂ ಕೊಟ್ಟುಬಿಟ್ರೆ ನಾನೆಲ್ಲಿ ಹೋಗಿ ಕೂರಲಿ? ಹೊತ್ತು ಬಂದ್ರೆ ನಾವೇ ಹೊರೋಣ ರಹ್ಮಾನ."

"ಯಾರು ನಾವು? ನಿನಗೆ ಮಂಡಿ ಇಲ್ಲ, ನನಗೆ ಸೊಂಟ ಇಲ್ಲ."

ಬೋಗುಣಿಯ ನೀರಿನಲ್ಲಿ ಕಾಲಿಟ್ಟುಕೊಂಡಿದ್ದ ರಹ್ಮಾ, "ನನ್ನ ಹೆಸರಲ್ಲಿ ಜಗಳ ಆಡಬೇಡಿ," ಎಂದಳು.

ಮೂಲೆಯಲ್ಲಿ ಕೂತಿದ್ದ ಸಫಿಯಾ ದಾರಕ್ಕೆ ಗಂಟು ಹಾಕುತ್ತ, ತಲೆ ಎತ್ತದೆ ಹೇಳಿದಳು: "ಆವತ್ತು ನನಗೆ ಎಚ್ಚರ ಇತ್ತು. ಓಣಿ ಬಾಯಲ್ಲಿ ಅವರು ಕೆಳಗಡೆ ತಿರುಗಿದಾಗ ಗೊತ್ತಾಯ್ತು. ನಾನೂ ಹೇಳಲಿಲ್ಲ."

ತಾಮು ರವೆಯ ಮೇಲೆ ಬಟ್ಟೆ ಮುಚ್ಚಿದಳು. ಏಳುವ ಹೊತ್ತಿಗೆ ತಾಮುವೇ, "ಆ ಬೋರ್ಡಿನ ಹುಡುಗಿಗೆ ತೋರಿಸು. ಅವಳೂ ಹೆಣ್ಣೇ ತಾನೆ. ನಕ್ಷೇಲಿ ಮಾತ್ರ ಬೇಡ," ಎಂದಳು.

ಬತೂಲ್ ನುಹೈಲಾಳನ್ನು ಕರೆದೊಯ್ದು ಚಿಲಕ ಎತ್ತಿದಳು. ಆ ಚಿಲಕ ಸುಲಭಕ್ಕೆ ಬಗ್ಗುವುದಿಲ್ಲ. ಮೇಲಕ್ಕೆತ್ತಿ, ಮಂಡಿಯಿಂದ ಒಮ್ಮೆ ಒತ್ತಿ, ಆಮೇಲೆ ತನ್ನ ಕಡೆಗೆ ಎಳೆಯಬೇಕು. ಒಳಗೆ ಹೋದ ಹುಡುಗಿ ಬೆಳಕು ಬೀಳುವ ಕಡೆ ನಿಂತುಬಿಟ್ಟಳು. ಜಗಲಿಯ ಕಲ್ಲು ಕೂತವರ ಸವೆತಕ್ಕೆ ಬಟ್ಟಲಿನಂತಾಗಿತ್ತು. ಗೋಡೆಯಲ್ಲಿ ಒಬ್ಬ ಹೆಂಗಸಿನ ತಲೆಯಷ್ಟು ಎತ್ತರಕ್ಕೆ ಎಣ್ಣೆ ಜಿಡ್ಡಿನ ಸಾಲು ಹೊಳೆಯುತ್ತಿತ್ತು, ಒರಗಿ ಕೂತ ತಲೆಗಳ ಗುರುತು. ನುಹೈಲಾ ಅದಕ್ಕೆ ಅಂಗೈ ಇಟ್ಟಳು.

"ಖಾಲ್ತಿ, ನಾನು ಆರು ವರ್ಷ ಓದಿದೆ, ಜನ ಹೇಗೆ ದಾರಿ ಹಿಡೀತಾರೆ ಅಂತ. ಒಂದು ಅಕ್ಷರ ಬರೀದೆ ಅರ್ಧ ಊರನ್ನ ಹೊರಗೆ ನಿಲ್ಲಿಸಿದ್ದೀರಲ್ಲ! ಇಂಥ ಬೋರ್ಡು ನನ್ನ ಕೈಲಿ ಆಗಲ್ಲ."

"ಹೊಗಳಬೇಡ. ರಹ್ಮಾಗೆ ಏನು ಮಾಡ್ತೀಯ ಹೇಳು."

ಹುಡುಗಿಯ ಮುಖ ಬಾಡಿತು. "ಸ್ಟ್ರೆಚರು ಹೊರೋರು ಗಂಡಸರು. ಅವರಿಗೆ ಗೊತ್ತಿಲ್ಲದ ದಾರಿ ನನ್ನ ಹತ್ರ ಇದ್ದು ಏನು ಪ್ರಯೋಜನ? ಬರೆದ್ರೆ ಎಲ್ಲರ ಫೋನಿಗೂ ಹೋಗುತ್ತೆ. ಬರೀದಿದ್ರೆ ಯಾರಿಗೂ ತಿಳಿಯಲ್ಲ. ಗುರುವಾರ ತಗಡು ಅಚ್ಚಿಗೆ ಕಳಿಸಬೇಕು. ಅಷ್ಟರೊಳಗೆ ನೀವೇ ಹೇಳಿ."

ಗುರುವಾರದವರೆಗೆ ಕಾಯಬೇಕಾಗಲಿಲ್ಲ. ಬುಧವಾರ ಅಸರ್ ನಮಾಜು ಮುಗಿದು, ಹೆಂಗಸರು ಆಗಷ್ಟೇ ಕುರಿಚರ್ಮ ಹಾಸಿದ್ದರು. ರಹ್ಮಾ ಬಂದಿರಲಿಲ್ಲ. ಬತೂಲ್ ನೋಡಲು ಹೋದಾಗ ಅವಳು ಅಂಗಳದ ಕಂಬ ಹಿಡಿದು ಕೂತು, "ದೊಡ್ಡಮ್ಮ, ದೀಪ ಯಾಕೆ ಆರಿಸಿದ್ರಿ?" ಎಂದಳು. ಹೊರಗೆ ಹಗಲು. ಮರುಕ್ಷಣ ಅವಳ ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದವು.

ಮಸೀದಿಯ ಬಾಗಿಲಲ್ಲಿಟ್ಟಿದ್ದ ಸ್ಟ್ರೆಚರು ಹಿಡಿದು ನಾಲ್ವರು ಓಡಿ ಬಂದರು. ಮುಂದೆ ಹೇಸರಗತ್ತೆ ಹೊಡೆಯುವ ಹಮ್ಮಾದಿ; ಹಿರಿಯನೆಂದು ಎಲ್ಲರೂ ಬಾ ಹಮ್ಮಾದಿ ಎನ್ನುತ್ತಾರೆ. ಅರವತ್ತು ದಾಟಿದ್ದರೂ ಭುಜ ಎತ್ತಿನ ಭುಜ. ಸಫಿಯಾಳನ್ನು ಹೊತ್ತವರಲ್ಲೂ ಅವನಿದ್ದ. "ದಾರಿ ಬಿಡಿ, ದಾರಿ ಬಿಡಿ," ಎಂದು ಗೋಡೆಯ ಕಡೆ ಮುಖ ಮಾಡಿ ಕೂಗಿ, ಒಳಗೆ ಬಂದು ರಹ್ಮಾಳನ್ನು ಎತ್ತಿ ಮಲಗಿಸಿಕೊಂಡು ಹೊರಬಿದ್ದರು. ಓಣಿಯ ಬಾಯಿಯ ಕಡೆ, ಕೆಳಗಿನ ದಾರಿಗೆ ಕಾಲು ತಿರುಗಿಸಿದರು.

ಬತೂಲ್‌ಗೆ ಹಿಂದಿನ ಚಳಿಗಾಲ ನೆನಪಾಯಿತು. "ಬಿಸ್ಮಿಲ್ಲಾ," ಎಂದಳು. ಆಮೇಲೆ ಓಣಿಯೇ ಬೆಚ್ಚುವಂತೆ ಕೂಗಿದಳು: "ಹಮ್ಮಾದಿ! ಕೆಳಗೆ ಬೇಡ. ಲಲ್ಲಾ ಮುಬಾರಕಾ ಮನೆ ಕಡೆ ತಿರುಗು!"

ನಾಲ್ವರೂ ನಿಂತರು. ಯಾರೂ ಯಾಕೆಂದು ಕೇಳಲಿಲ್ಲ. ಸ್ಟ್ರೆಚರು ನಿಂತಲ್ಲೇ ತಿರುಗಿತು. ಬತೂಲ್ ಸೊಂಟ ಹಿಡಿದುಕೊಂಡು ಮುಂದೆ ಓಡಿದಳು. ಚಿಲಕದ ಕಷ್ಟ ಅವರಿಗೇನು ಗೊತ್ತು, ತಾನೇ ತೆಗೆಯಬೇಕು ಎಂದು. ಆದರೆ ಅವಳು ತಲುಪುವ ಮುಂಚೆ ಬಾ ಹಮ್ಮಾದಿ ಅವಳನ್ನು ದಾಟಿದ. ಒಂದು ಕೈಯಲ್ಲಿ ಸ್ಟ್ರೆಚರಿನ ಹಿಡಿ ಬಿಡದೆ, ಇನ್ನೊಂದರಲ್ಲಿ ಚಿಲಕ ಮೇಲಕ್ಕೆತ್ತಿದ. ಮಂಡಿಯಿಂದ ಒಮ್ಮೆ ಒತ್ತಿದ. ತನ್ನ ಕಡೆಗೆ ಎಳೆದ.

ಬಾಗಿಲು ತೆರೆಯಿತು.

ಒಳಗಿದ್ದ ಹೆಂಗಸರು ತಲೆಗೆ ಬಟ್ಟೆ ಎಳೆದುಕೊಂಡು ಗೋಡೆಗೆ ಅಂಟಿ ನಿಂತರು. ನಾಲ್ವರೂ ನೆಲ ನೋಡುತ್ತ ನಡೆದರು. ಮೊದಲ ತಿರುವು, ಬೆಳಕು, ಎರಡನೆಯ ತಿರುವು. ಎರಡನೆಯ ತಿರುವಿನಲ್ಲಿ ಒಂದು ತೊಲೆ ಕೆಳಕ್ಕೆ ಜೋತಿದೆ. ಆ ಮಬ್ಬಿನಲ್ಲಿ ಅದು ಹೊಸಬರ ಕಣ್ಣಿಗೆ ಕಾಣುವುದಿಲ್ಲ. ತಲೆ ಬಗ್ಗಿಸಿ ಎಂದು ಹೇಳಲು ಬತೂಲ್ ಬಾಯಿ ತೆರೆದಳು. ಹೇಳುವ ಮುಂಚೆಯೇ, ನಾಲ್ಕು ತಲೆಗಳೂ ಒಟ್ಟಿಗೆ ಬಗ್ಗಿದವು.

ಇಲ್ಲಿ ಬಂದಿದ್ದಾಗ ಅವರೆಲ್ಲ ಕೂಸುಗಳು. ಕೂಸಿಗೆ ಆ ತೊಲೆ ತಾಕುವುದಿಲ್ಲ. ಬಗ್ಗುತ್ತಿದ್ದವರು ಅವರ ತಾಯಂದಿರು. ಆ ಬೆನ್ನಿನ ಮೇಲೆ ಜೋಲಿ ಹೊಡೆಯುತ್ತ, ಅರೆನಿದ್ದೆಯಲ್ಲಿ, ಅಮ್ಮ ಎಲ್ಲಿ ಬಗ್ಗುತ್ತಾಳೆಂದು ಮೈ ಕಲಿತದ್ದು. ಐವತ್ತು ಅರವತ್ತು ವರ್ಷದ ಮೇಲೆ ಆ ಮೈ ತಾನಾಗಿ ಬಗ್ಗಿತ್ತು. ಇಂಥದೆಲ್ಲ ಎಲ್ಲಿ ಬರೆದಿಟ್ಟಿದ್ದೀಯೆ ತಂದೆ ಎಂದು ಅವಳ ಮನಸ್ಸು ಮೇಲಿನವನನ್ನು ಕೇಳಿತು. ಕಾಲು ಮಾತ್ರ ಸ್ಟ್ರೆಚರಿನ ಹಿಂದೆ ಓಡುತ್ತಿತ್ತು.

ಬಾಬ್ ಗೀಸಾ ತಲುಪಿದಾಗ ರಹ್ಮಾಳ ಮನೆಬಾಗಿಲು ದಾಟಿ ಆರು ನಿಮಿಷ. ಇನ್ನೂ ಹತ್ತು ನಿಮಿಷ ತಡವಾಗಿದ್ದರೆ ನಾನು ಬರೀ ಕಾಗದಕ್ಕೆ ಸಹಿ ಹಾಕಬೇಕಾಗುತ್ತಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದಳು. ಆ ರಾತ್ರಿ ರಹ್ಮಾಳಿಗೆ ಹೆಣ್ಣುಮಗು ಹುಟ್ಟಿತು. ಅಂಗೈಯಷ್ಟು ಕೂಸು, ಓಣಿಯಷ್ಟು ಗಂಟಲು.

ಹೆಸರಿಡುವ ಏಳನೆಯ ದಿನಕ್ಕೆ ಯಾರೂ ಫೋನು ಮಾಡಕೂಡದು ಎಂದು ರಹ್ಮಾ ಹಟ ಹಿಡಿದಳು. ಬತೂಲ್ ಬಿಳಿ ಜಲ್ಲಾಬಾ ತೊಟ್ಟು ಮನೆಮನೆಯ ಬಾಗಿಲು ಮೂರು ಸಲ ಬಡಿದು ಕರೆದಳು. ಕಾರಂಜಿಯ ಬಳಿ ಬಾ ಹಮ್ಮಾದಿ ಹೇಸರಗತ್ತೆಗೆ ನೀರು ಕುಡಿಸುತ್ತಿದ್ದ. ಅವನನ್ನೂ ಕರೆದಳು. ಕರೆದು ಅಲ್ಲೇ ನಿಂತಳು.

"ಚಿಲಕ ತೆಗೆಯೋದು ಯಾರು ಹೇಳಿಕೊಟ್ರು?" ಎಂದಳು.

ಅವನು ಹೇಸರಗತ್ತೆಯ ಕಿವಿ ತುರಿಸುತ್ತ ನಕ್ಕ. "ನಮ್ಮಮ್ಮ. ಒಂದು ಕೈಲಿ ರೊಟ್ಟಿ ಹಲಗೆ, ಬೆನ್ನ ಮೇಲೆ ನಾನು. ಮಂಡಿಯಿಂದ ಒತ್ತೋಳು."

"ಹಾಗಾದ್ರೆ ನಿನಗೆ ಗೊತ್ತಿತ್ತು."

"ಲಲ್ಲಾ, ಯಾರಿಗೆ ಗೊತ್ತಿಲ್ಲ? ಎಲ್ಲರೂ ಹೆಂಗಸಿನ ಬೆನ್ನ ಮೇಲೆ ಬೆಳೆದವರೇ ತಾನೆ."

"ಮತ್ತೆ ಸಕ್ಕರೆ? ದುವಾ?"

"ಇಟ್ಟ ಸಕ್ಕರೆ ಬಡವರ ಮನೆ ಸೇರೋದು ಗೊತ್ತಿತ್ತು. ದುವಾನೂ ಅಷ್ಟೇ. ಒಳಗೆ ಯಾರಾದ್ರೂ ಇರ್ತಾರಲ್ಲ, ಅವರಿಗೆ ಸೇರುತ್ತೆ. ಅಮ್ಮ ಇದು ಮನೆ ಅಂದ್ಲು. ಅಮ್ಮ ಅಂದ ಮೇಲೆ ಮನೆ. ನಾನು ನನ್ನ ಮಗನಿಗೂ ಹಾಗೇ ಹೇಳಿದೆ."

ಬತೂಲ್ ಕಾರಂಜಿಯ ಕಟ್ಟೆಯ ಮೇಲೆ ಕೂತಳು. ಇಷ್ಟು ವರ್ಷ ಹೆಂಗಸರು ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದರು. ಗಂಡಸರು ಅದನ್ನು ಕಾಣದವರಂತೆ ಇನ್ನೊಂದು ಕಡೆಯಿಂದ ಮುಚ್ಚಿ ಹಿಡಿದಿದ್ದರು. ಮೊಳೆ ಇಲ್ಲದೆ, ತಗಡಿಲ್ಲದೆ, ಒಂದು ಬಾಗಿಲಿನ ಎರಡೂ ಕಡೆ ಒಂದು ಊರು ನಿಂತು ಮರ್ಯಾದೆ ಕಾದಿತ್ತು. ಹೆಮ್ಮೆಪಡಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಸಫಿಯಾಳ ಮುಖ ಕಣ್ಣೆದುರು ಬಂತು.

"ಆ ಚಳಿಗಾಲದಲ್ಲಿ..." ಎಂದಳು.

ಬಾ ಹಮ್ಮಾದಿಯ ನಗು ಇಳಿಯಿತು. "ಓಣಿ ಬಾಯಲ್ಲಿ ನಾನು ನಿನ್ನ ಮುಖ ನೋಡ್ದೆ. ನೀನು ಬಾಗಿಲು ಅಂದ್ರೆ ತಿರುಗೋಣ ಅಂತ."

"ನಾನು ನೆಲ ನೋಡ್ತಿದ್ದೆ."

"ಹೌದು."

ನೀರು ಹರಿಯುತ್ತಿತ್ತು. ಹೇಸರಗತ್ತೆ ಕುಡಿದು ಮುಗಿಸಿ ತಲೆ ಎತ್ತಿತು. ಇಬ್ಬರೂ ಸಫಿಯಾಳ ಆ ಕೂಸಿಗಾಗಿ ಅಂಗೈ ಒಡ್ಡಿ ದುವಾ ಮಾಡಿದರು. ಅವನು ಹಗ್ಗ ಹಿಡಿದು ನೀರಿಗೆ ಎದುರು ಹತ್ತಿ ಹೋದ.

ಅಂದು ಮಧ್ಯಾಹ್ನ ಮೆಂತ್ಯ ಹಾಕಿದ ಕೋಳಿ ಸಾರಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತ ಬತೂಲ್ ನುಹೈಲಾಳಿಗೂ ಹೆಂಗಸರಿಗೂ ಇದನ್ನೆಲ್ಲ ಹೇಳಿದಳು. ತಾಮು ತುತ್ತು ಕೈಯಲ್ಲೇ ಹಿಡಿದು, "ನನ್ನ ಗಂಡನಿಗೂ ಗೊತ್ತಾ? ನಲವತ್ತು ವರ್ಷದಿಂದ ಆ ಮುದುಕಿಗೆ ಔಷಧಿ ಕೊಡೋಕೆ ಹೋಗ್ತೀನಿ ಅಂತ ಸುಳ್ಳು ಹೇಳ್ಕೊಂಡು ಬಂದಿದ್ದೀನಿ!" ಎಂದಳು. ನಕ್ಕು ನಕ್ಕು ಬಾಣಂತಿ ಹೊಟ್ಟೆ ಹಿಡಿದುಕೊಂಡಳು. ಸಫಿಯಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಕೊಡೆಂದು ಯಾರೂ ಕೇಳಲಿಲ್ಲ.

ನುಹೈಲಾ ಒಂದು ವಾರ ತಡೆದು ಅಚ್ಚಿಗೆ ಕಳಿಸಿದ ತಗಡುಗಳಲ್ಲಿ ನ್ವಾರ್ ಓಣಿಯದು ಆರು ಮೂಲೆಯದೇ. ಒಳಗೆ ಮನೆಗಳಿವೆ, ಹೊರಗಿನವರಿಗೆ ದಾರಿಯಿಲ್ಲ. ಅದರ ಕೆಳ ಅಂಚಿಗೆ ಮಾತ್ರ ಕೂದಲೆಳೆಯಷ್ಟು ಒಂದು ಕೆಂಪು ಗೆರೆ. ಯಾತ್ರಿಕರಿಗೆ ಅದು ಅಲಂಕಾರ. ಸ್ಟ್ರೆಚರು ಹೊರುವವರನ್ನು ನುಹೈಲಾ ಮಸೀದಿಯ ಮುಂದೆ ಸೇರಿಸಿ ಹೇಳಿದಳು: ಆ ಗೆರೆ ಇದ್ದಲ್ಲಿ ಜೀವ ಹೊತ್ತವನಿಗೆ ಯಾವ ಬಾಗಿಲೂ ಮನೆಯಲ್ಲ, ದಾರಿ. ಯಾವ ಗಳಿಗೆಯಾದರೂ ಸರಿ, ಯಾರನ್ನೂ ಕೇಳಬೇಕಿಲ್ಲ. ಅವರು ತಲೆಯಾಡಿಸಿದರು. ನಕ್ಷೆಯಲ್ಲಿ ಲಲ್ಲಾ ಮುಬಾರಕಾಳ ಮನೆ ಇದ್ದಲ್ಲೇ ಉಳಿಯಿತು.

ತಗಡು ಹೊಡೆದು ಮುಗಿದ ವಾರ ಸಿ ಮಕ್ಕಿ ಬತೂಲ್‌ಳ ಮನೆಗೆ ಬಂದ. ಹೊಸ ಹಿತ್ತಾಳೆ ಬೀಗ, ಎರಡು ಬೀಗದಕೈ, ಚೆಂದದ ಡಬ್ಬಿಯಲ್ಲಿ. ಬತೂಲ್ ಪುದೀನ ಚಹಾ ಬಗ್ಗಿಸಿ ಕೊಟ್ಟಳು.

"ಲಲ್ಲಾ, ಇದು ಕಚೇರಿಯಿಂದ ನಿಮಗೆ," ಎಂದ. "ನುಹೈಲಾ ನನಗೆಲ್ಲ ಹೇಳಿದ್ಲು. ಇಷ್ಟು ದಿನ ಆ ಬಾಗಿಲನ್ನ ಕಾದವರು ನೀವು. ಇನ್ನು ಮೇಲೆ ಅದು ನಿಮ್ಮದೇ ಅಂದ್ಕೊಳ್ಳಿ. ಕೋಳಿಯವನು, ಕ್ಯಾಮೆರಾದವನು ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಹೆಂಗಸರು ನೆಮ್ಮದಿಯಾಗಿ ಕೂತ್ಕೋತಾರೆ. ಹೊತ್ತು ಬಂದಾಗ ನಿಮ್ಮನ್ನ ಕೇಳಿ ತೆರೆದ್ರಾಯ್ತು. ನಾನೇ ಸಾಹೇಬರ ಹತ್ರ ಜಗಳ ಆಡಿ ತಂದಿದ್ದೀನಿ, ನಿಮ್ಮ ಗೌರವಕ್ಕೆ."

ಬತೂಲ್ ಬೀಗವನ್ನು ಕೈಗೆತ್ತಿಕೊಂಡಳು. ಒಳ್ಳೆ ತೂಕದ ಬೀಗ. ಅದನ್ನು ಡಬ್ಬಿಯಲ್ಲಿಟ್ಟು, ಬೀಗದಕೈಗಳನ್ನೂ ಪಕ್ಕಕ್ಕೆ ಜೋಡಿಸಿ, ಮುಚ್ಚಳ ಹಾಕಿದಳು.

"ನಿನ್ನ ಹೆತ್ತವರಿಗೆ ದೇವರು ಕರುಣೆ ತೋರಲಿ ಮಗನೇ. ಬೇಡ."

"ಯಾಕೆ ಲಲ್ಲಾ?"

"ಬೀಗದಕೈ ನನ್ನ ಹತ್ರ ಇದ್ರೆ, ಸ್ಟ್ರೆಚರು ಹೊತ್ತವನು ಮೊದಲು ನನ್ನನ್ನ ಹುಡುಕ್ತಾನೆ. ನಾನು ಮಸೀದೀಲಿರ್ತೀನಿ, ಹಮ್ಮಾಮಿನಲ್ಲಿರ್ತೀನಿ, ಎಲ್ಲೋ ಮದುವೆ ಕರೀತಾ ಇರ್ತೀನಿ. ಒಂದು ಸಲ ನನಗಾಗಿ ಕಾದಿದ್ದು ಸಾಕು." ಡಬ್ಬಿಯನ್ನು ಅವನ ಮಂಡಿಯ ಪಕ್ಕಕ್ಕೆ ಸರಿಸಿದಳು. "ಇದನ್ನ ವಾಪಸ್ ತಗೊಂಡು ಹೋಗು. ಚಹಾ ಮಾತ್ರ ಕುಡಿದು ಹೋಗು."